ಬಾಂಬ್ ಬಿದ್ದ ಮೇಲೆ ಮಾಮೂಲಿ ಮನೆಗಳಲ್ಲಿ ಏನಾಗುತ್ತೆ? ಸರಿಯಾಗಿ ತೋರಿಸಿರೋ ಸಿನಿಮಾ ಹೇಳಿ

ಕುಕ್ಕರಹಳ್ಳಿ_ವಾಕಿಂಗ್ (ಮೈಸೂರು):

ಪ್ರಶ್ನೆ ವಿಚಿತ್ರ ಅನ್ನಿಸಿದರೆ ಬೈಬೇಡಿ. ಹೋದ ವಾರ ಮೂರು ರಾತ್ರಿ ಕೂತು ಅಣುಯುದ್ಧದ ಮೂರು ಹಳೇ ಸಿನಿಮಾ ನೋಡಿದೆ. ಅಮೆರಿಕದ ‘ದಿ ಡೇ ಆಫ್ಟರ್’ (1983), ಬಿಬಿಸಿಯವರ ‘ಥ್ರೆಡ್ಸ್’ (1984), ಆಮೇಲೆ ವಯಸ್ಸಾದ ಗಂಡ ಹೆಂಡತಿಯ ಕಥೆ ಇರೋ ಕಾರ್ಟೂನ್ ಚಿತ್ರ ‘ವೆನ್ ದ ವಿಂಡ್ ಬ್ಲೋಸ್’ (1986). ಊರು ಸುಟ್ಟು ಬೂದಿ ಆಗೋದು, ಅಣಬೆ ಥರ ಮೋಡ ಏಳೋದು, ಇದನ್ನೆಲ್ಲ ನೋಡಿ ನೋಡಿ ನಮಗೆ ಅಭ್ಯಾಸ ಆಗಿಹೋಗಿದೆ. ನನ್ನ ನಿದ್ದೆ ಕೆಡಿಸಿದ್ದು ಒಂದು ಹಾಸಿಗೆ.

‘ಡೇ ಆಫ್ಟರ್’ನಲ್ಲಿ ಒಂದು ರೈತರ ಮನೆ ಬರುತ್ತೆ. ಮಗಳ ಮದುವೆ ಹತ್ತಿರ ಬಂದಿದೆ. ಕ್ಷಿಪಣಿಗಳು ಹಾರಿ ಆಗಿದೆ, ಗಂಡ ಎಲ್ಲರನ್ನೂ ನೆಲಮಾಳಿಗೆಗೆ ಇಳಿಸ್ತಾ ಇದ್ದಾನೆ. ಹೆಂಡತಿ ಮಾತ್ರ ಮಹಡಿ ಮೇಲೆ ಹಾಸಿಗೆ ಸರಿ ಮಾಡ್ತಾ ಇದ್ದಾಳೆ. ಕರೆದರೆ ಬರಲ್ಲ. ಕೊನೆಗೆ ಅವನೇ ಹಿಡಿದು ಎಳ್ಕೊಂಡು ಹೋಗ್ತಾನೆ, ಅವಳು ಕಿರುಚ್ತಾಳೆ. ಆಗ ನಮ್ಮಮ್ಮ ಪಕ್ಕದಲ್ಲಿ ಮೊರ ಇಟ್ಕೊಂಡು ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ಇಂಗ್ಲಿಷ್ ಅಷ್ಟು ಬರಲ್ಲ, ನಾನು ನಡುನಡುವೆ ಹೇಳ್ತಾ ಇದ್ದೆ. ಆ ಸೀನ್ ಬಂದಾಗ ಹೇಳೋದೇ ಬೇಕಾಗಲಿಲ್ಲ. ಎರಡು ಬೆರಳ ನಡುವೆ ಒಂದು ಕಾಳು ಹಾಗೇ ನಿಂತುಹೋಯ್ತು. “ಪಾಪ, ಮದುವೆ ಮನೆ. ನೆಂಟರು ಬಂದ್ರೆ ಹಾಸಿಗೆ ಹಂಗೇ ಬಿದ್ದಿದ್ರೆ ಏನಂದ್ಕೋತಾರೆ?” ಅಂದರು. ಆಮೇಲೆ ಕಾಳು ಹಿತಕಿದರು.

ನನಗೆ ಆ ಹೆಂಗಸಿಗೆ ತಲೆ ಕೆಟ್ಟಿದೆ ಅನ್ನಿಸಿತ್ತು. ಅಮ್ಮನಿಗೆ ಅವಳೊಬ್ಬಳೇ ಸರಿಯಾಗಿ ಕಂಡಳು.

ಅದಕ್ಕೇ ಕೇಳ್ತಿದ್ದೀನಿ. ಬಾಂಬ್ ಬಿದ್ದ ಮಾರನೇ ದಿನ, ಮಾರನೇ ವಾರ, ಮನೆಯೊಳಗೆ ಏನು ನಡೆಯುತ್ತೆ ಅನ್ನೋದನ್ನ ನಂಬೋ ಹಾಗೆ ತೋರಿಸಿರೋ ಸಿನಿಮಾ ಯಾವುದು? ಈ ಸಿನಿಮಾಗಳಲ್ಲಿ ‘ಸಾಮಾನ್ಯ ಕುಟುಂಬ’ ಅಂದರೆ ಅಪ್ಪ, ಅಮ್ಮ, ಎರಡೋ ಮೂರೋ ಮಕ್ಕಳು, ಕೆಳಗೊಂದು ನೆಲಮಾಳಿಗೆ. ನಮ್ಮದು ಥರ್ಟಿ ಫಾರ್ಟಿ ಸೈಟಿನ ಮನೆ. ನೆಲದ ಕೆಳಗೆ ಇರೋದು ಸಂಪು ಒಂದೇ. ಅಜ್ಜಿಗೆ ಮಂಡಿ ನೋವು, ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದಲೇ ಸಾರು ದಾಟಿಸ್ತಾರೆ. ಇಂಥ ಮನೆ ಯಾವ ಸಿನಿಮಾದಲ್ಲೂ ಸಿಗಲಿಲ್ಲ. ನಮ್ಮಲ್ಲಿ ಅಣುಬಾಂಬ್ ಅಂದ್ರೆ ಪೋಖ್ರಾನ್‌ನಲ್ಲಿ ಪರೀಕ್ಷೆ ಗೆದ್ದ ಕಥೆ, ಅಲ್ಲಿಗೆ ಮುಗೀತು.

ಹಳೇ_ರೀಲು:

ಮೇಡಂ, ನೀವು ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ‘ಟೆಸ್ಟಮೆಂಟ್’, 1983, ನಿರ್ದೇಶಕಿ ಲಿನ್ ಲಿಟ್‌ಮನ್. ಇಡೀ ಚಿತ್ರದಲ್ಲಿ ಒಂದು ಕಟ್ಟಡವೂ ಬೀಳಲ್ಲ. ಟಿವಿ ನಿಂತುಹೋಗುತ್ತೆ, ಕಿಟಕಿಯಲ್ಲಿ ಒಂದು ಬೆಳಕು, ಅಷ್ಟೇ. ಕೆಲಸಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಗಂಡ ವಾಪಸ್ ಬರಲ್ಲ. ಮೂರು ಮಕ್ಕಳನ್ನ ಇಟ್ಕೊಂಡು ತಾಯಿ ದಿನ ತಳ್ಳಬೇಕು. ಚಿಕ್ಕ ಮಗ ಸತ್ತಾಗ ಹೂಳೋದಕ್ಕೆ ಮುಂಚೆ ಅವನ ಕರಡಿ ಬೊಂಬೆ ಬೇಕು ಅಂತ ಹಟ ಹಿಡೀತಾಳೆ. ಮಗಳಿಗೆ ಹಾಸಿಗೆ ಬಟ್ಟೆಯಲ್ಲೇ ಹೆಣದ ಬಟ್ಟೆ ಹೊಲೀತಾಳೆ. ಸೂಜಿ ಒಳಗೆ ಹೋಗಿ ಹೊರಗೆ ಬರೋದು ಕಾಣುತ್ತೆ. ಜೇನ್ ಅಲೆಕ್ಸಾಂಡರ್‌ಗೆ ಆ ಪಾತ್ರಕ್ಕೆ ಆಸ್ಕರ್ ನಾಮಿನೇಷನ್ ಬಂತು. ಅಮ್ಮನ ಜೊತೆ ನೋಡಬೇಡಿ. ನಾನು ನೋಡಿ ಎರಡು ದಿನ ಯಾರ ಹತ್ತಿರಾನೂ ಸರಿಯಾಗಿ ಮಾತಾಡಲಿಲ್ಲ.

ಕೂಡು ಕುಟುಂಬ ಬೇಕು ಅಂದರೆ ಜಪಾನಿನ ನಿರ್ದೇಶಕ ಕುರೊಸಾವನ ‘ಐ ಲಿವ್ ಇನ್ ಫಿಯರ್’ (1955) ನೋಡಿ. ಹಿರೋಶಿಮಾ ಆಗಿ ಹತ್ತು ವರ್ಷ. ಫ್ಯಾಕ್ಟರಿ ಇಟ್ಟುಕೊಂಡಿರೋ ಒಬ್ಬ ಮುದುಕ, ಇನ್ನೊಂದು ಬಾಂಬ್ ಬೀಳುತ್ತೆ, ಎಲ್ಲ ಮಾರಿ ಬ್ರೆಜಿಲ್‌ಗೆ ಹೋಗೋಣ ಅಂತಾನೆ. ಮಕ್ಕಳು ಅಪ್ಪನಿಗೆ ಬುದ್ಧಿ ಸರಿ ಇಲ್ಲ ಅಂತ ಕೋರ್ಟಿಗೆ ಹೋಗ್ತಾರೆ. ಇಟ್ಟುಕೊಂಡವರ ಮಕ್ಕಳನ್ನೂ ಕರ್ಕೊಂಡು ಹೋಗಬೇಕು ಅಂತ ಬೇರೆ ಅವನ ಹಟ. ಬಾಂಬ್ ತೆಗೆದು ಅಲ್ಲಿ ರಿಂಗ್ ರೋಡ್ ಪಕ್ಕದ ಜಮೀನು ಇಟ್ಟರೆ ಅದು ನಮ್ಮ ಕಡೆ ಕಥೆಯೇ. ಮುದುಕನ ಪಾತ್ರ ಮಾಡಿದ ಮಿಫುನೆಗೆ ಆಗ ಬರೀ 35 ವರ್ಷ!

ಆಲೆಮನೆ_ಹೊಗೆ (ಮಂಡ್ಯ):

ನಾನು ಸಿನಿಮಾ ಪಂಡಿತ ಅಲ್ಲ, ಮೂರು ಎಕರೆ ಕಬ್ಬು, ಒಂದಿಷ್ಟು ರಾಗಿ ಇಟ್ಕೊಂಡಿರೋನು. ‘ಡೇ ಆಫ್ಟರ್’ ನಾನೂ ನೋಡಿದೀನಿ. ನಿಮ್ಮ ಅಮ್ಮನಿಗೆ ಹಾಸಿಗೆ ಕಂಡ ಹಾಗೆ ನನಗೆ ಕಂಡಿದ್ದು ಆ ರೈತರ ಮೀಟಿಂಗು. ಎಲ್ಲ ಮುಗಿದ ಮೇಲೆ ಒಬ್ಬ ಅಧಿಕಾರಿ ಬಂದು, ಹೊಲದ ಮೇಲ್ಮಣ್ಣು ಕೆರೆದು ತೆಗೆದುಬಿಡಿ, ಆಮೇಲೆ ಬೆಳೆ ಇಡಿ ಅಂತಾನೆ. ರೈತರು ಆ ಮಣ್ಣನ್ನ ಎಲ್ಲಿ ಹಾಕೋದು ಅಂತ ಕೇಳ್ತಾರೆ. ಅವನ ಹತ್ತಿರ ಉತ್ತರ ಇಲ್ಲ. ಇದನ್ನ ಬರೆದವನು ಯಾರೋ ಹೊಲ ಕಂಡೋನು ಅಂದ್ಕೊಂಡೆ.

ಸುಮ್ನೆ ಲೆಕ್ಕ ಹಾಕಿ. ಒಂದು ಎಕರೆ ಅಂದ್ರೆ ಹೆಚ್ಚು ಕಡಿಮೆ 4,047 ಚದರ ಮೀಟರ್. ಬರೀ 5 ಸೆಂಟಿಮೀಟರ್ ಕೆರೆದರೂ 200 ಘನ ಮೀಟರ್ ಮಣ್ಣು. ಟ್ರಾಕ್ಟರ್ ಲೋಡಿಗೆ 100 ಘನ ಅಡಿ ಹಿಡಿದರೆ ಎಕರೆಗೆ 70 ಲೋಡು. ನನ್ನ ಮೂರು ಎಕರೆಗೆ 210 ಲೋಡು. ಡೀಸೆಲ್ ಎಲ್ಲಿಂದ ಬರುತ್ತೆ? ತಗೊಂಡೋಗಿ ಯಾರ ಹೊಲಕ್ಕೆ ಸುರಿಯೋದು? ನಾವು ಬೇಸಿಗೇಲಿ ದುಡ್ಡು ಕೊಟ್ಟು ಕೆರೆಗೋಡು ಹೊಡೆಸೋ ಜನ. ಮೇಲ್ಮಣ್ಣು ಕೆರೆದು ಬಿಸಾಕು ಅಂದ್ರೆ ನಮ್ಮಪ್ಪ ಆ ಅಧಿಕಾರಿಗೆ ಚಪ್ಪಲಿ ತೋರಿಸ್ತಿದ್ದರು.

ಇದು ಬರೀ ಸಿನಿಮಾ ಮಾತಲ್ಲ. 2011ರಲ್ಲಿ ಫುಕುಶಿಮಾ ಅಣುವಿದ್ಯುತ್ ಸ್ಥಾವರ ಕೆಟ್ಟ ಮೇಲೆ ಜಪಾನ್‌ನವರು ಇದನ್ನೇ ಮಾಡಿದರು. ಅದು ಬಾಂಬ್ ಅಲ್ಲ, ಅಪಘಾತ. ದುಡ್ಡಿತ್ತು, ಮಷೀನಿತ್ತು, ಸರ್ಕಾರ ಇತ್ತು. ಹೊಲದ ಮಣ್ಣು ಕೆರೆದು ಕಪ್ಪು ಚೀಲಕ್ಕೆ ತುಂಬಿ ತುಂಬಿ ಸಾಲಾಗಿ ಜೋಡಿಸಿದರು. ಹತ್ತಿರ ಹತ್ತಿರ 1.4 ಕೋಟಿ ಘನ ಮೀಟರ್ ಮಣ್ಣು. ಇನ್ನು ಯುದ್ಧ ಮುಗಿದು ಕರೆಂಟಿಲ್ಲ, ಡೀಸೆಲ್ಲಿಲ್ಲ ಅನ್ನೋ ಊರಲ್ಲಿ ಯಾರು ಕೆರೀತಾರೆ?

ನೆಲಮಾಳಿಗೆ ಇಲ್ಲ ಅಂದ್ರಲ್ಲ, ನಮ್ಮ ಕಡೆ ಇತ್ತು ಅಕ್ಕ. ಹಗೇವು. ರಾಗಿ ತುಂಬೋಕೆ ನೆಲದೊಳಗೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಒಳಗೆ ಗುಡಾಣದ ಥರ ಅಗಲ, ಮೇಲೊಂದು ಚಪ್ಪಡಿ. ಗಟ್ಟಿ ಮಣ್ಣಿನ ಜಾಗದಲ್ಲಿ ರಾಗಿ ವರ್ಷಗಟ್ಟಲೆ ಕೆಡಲ್ಲ. ನಮ್ಮ ತಾತನ ಮನೆ ಹಿತ್ತಲಲ್ಲಿ ಒಂದಿತ್ತು. ಈಗ ಮೇಲೆ ಕಾಂಕ್ರೀಟ್ ಹಾಕಿ ಬೈಕ್ ನಿಲ್ಲಿಸ್ತೀವಿ.

ಕುಕ್ಕರಹಳ್ಳಿ_ವಾಕಿಂಗ್:

ಅಣ್ಣ, ಹಗೇವೊಳಗೆ ಮನುಷ್ಯರು ಇರಬಹುದಾ? ತಮಾಷೆಗೆ ಅಲ್ಲ, ನಿಜವಾಗಿ ಕೇಳ್ತಿದ್ದೀನಿ.

ಆಲೆಮನೆ_ಹೊಗೆ (ಮಂಡ್ಯ):

ಸಾಯ್ತೀರ ಅಕ್ಕ, ಅದೂ ಬಾಂಬ್‌ಗೆ ಮುಂಚೇನೇ. ಮುಚ್ಚಿದ ಹಗೇವಲ್ಲಿ ಕೆಟ್ಟ ಗಾಳಿ ತುಂಬಿರುತ್ತೆ. ಚಪ್ಪಡಿ ತೆಗೆದು ಎಷ್ಟೋ ಹೊತ್ತು ಹಾಗೇ ಬಿಡಬೇಕು. ತಾತ ಮೊದಲು ಲಾಟೀನು ಇಳಿಸೋರು. ದೀಪ ಆರಿದರೆ ಯಾರೂ ಇಳಿಯೋ ಹಾಗಿಲ್ಲ. ಅವಸರ ಮಾಡಿ ಇಳಿದು ಸತ್ತೋರ ಕಥೆ ನಮ್ಮ ಕಡೆ ಎಲ್ಲ ಊರಲ್ಲೂ ಒಂದಿರುತ್ತೆ.

ಆದ್ರೆ ಮಣ್ಣಡಿ ಇರೋದು ಅನ್ನೋ ಲೆಕ್ಕ ತಪ್ಪಲ್ಲ. ಬಾಂಬ್ ಬಿದ್ದ ಮೇಲೆ ಉದುರೋ ವಿಕಿರಣದ ಧೂಳಿಗೆ ಒಂದು ಅಂದಾಜು ಸೂತ್ರ ಇದೆ. ಸಮಯ ಏಳು ಪಟ್ಟು ಆದಾಗಲೆಲ್ಲ ಅದರ ತೀವ್ರತೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಮೊದಲ ಗಂಟೆಗೆ ನೂರು ಇದ್ದದ್ದು 7 ಗಂಟೆಗೆ ಹತ್ತು, ಎರಡು ದಿನಕ್ಕೆ ಒಂದು, ಎರಡು ವಾರಕ್ಕೆ ಅದರ ಹತ್ತನೇ ಒಂದು. ಇಂಗ್ಲೆಂಡಿನ ಸರ್ಕಾರ 1980ರಲ್ಲಿ ಜನರಿಗೆ ಅಂತ ಅಚ್ಚು ಹಾಕಿಸಿದ ಪುಸ್ತಕದಲ್ಲಿ 14 ದಿನ ಒಳಗಿರಿ ಅಂದಿದ್ದು ಅದಕ್ಕೇ. ‘ಥ್ರೆಡ್ಸ್’ನಲ್ಲೂ ಕಾರ್ಟೂನ್ ಚಿತ್ರದಲ್ಲೂ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿ ಗೂಡು ಕಟ್ಟೋದು ಬರುತ್ತಲ್ಲ, ಅದು ಆ ಪುಸ್ತಕದ್ದೇ.

ಹದಿನಾಲ್ಕು ದಿನ ಏನು ಕುಡೀತೀರಿ? ಮೈಸೂರಿಗೆ ನೀರು ಬರೋದು ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಪಂಪ್ ಆಗಿ. ಕರೆಂಟ್ ಹೋದರೆ ಕೆಆರ್‌ಎಸ್ ತುಂಬಿ ತುಳುಕ್ತಾ ಇದ್ದರೂ ನಿಮ್ಮ ನಲ್ಲಿಗೆ ಬರಲ್ಲ. ನಮಗೆ ನಾಲೆ ಇದೆ, ಆದ್ರೆ ಅದು ಆಕಾಶಕ್ಕೆ ಬಾಯಿ ತೆರೆದ ನೀರು, ಧೂಳೆಲ್ಲ ಬೀಳೋದು ಅಲ್ಲಿಗೇ. ಆ ಕಾರ್ಟೂನ್ ಮುದುಕ ಮುದುಕಿ ನಲ್ಲಿ ಒಣಗಿತು ಅಂತ ಮಳೆ ನೀರು ಹಿಡಿದು ಟೀ ಕಾಯಿಸ್ತಾರೆ. ನೋಡ್ತಾ ಕೂತಿದ್ದ ನನಗೆ, ಕುಡೀಬೇಡ್ರೋ ಅಂತ ಕೂಗಬೇಕು ಅನ್ನಿಸಿತ್ತು.

ರಾತ್ರಿ_ಪಾಳಿ (ಮೈಸೂರು):

ನಾನು ನರ್ಸ್. ಈ ಸಿನಿಮಾಗಳನ್ನ ನಾನು ನೋಡೋ ರೀತಿನೇ ಬೇರೆ, ಯಾರು ಯಾರನ್ನ ತೊಳೀತಾರೆ ಅಂತ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ. ವಾಂತಿ ಭೇದಿ ಶುರುವಾದರೆ ಮನೆಯಲ್ಲಿ ಬೇರೆ ಎಲ್ಲ ನಿಂತುಹೋಗುತ್ತೆ. ಬಟ್ಟೆ, ನೀರು, ಬಕೆಟ್ಟು, ಇಷ್ಟರಲ್ಲೇ ದಿನ ಮುಗಿಯುತ್ತೆ. ಸುಮಾರು ಸಿನಿಮಾದಲ್ಲಿ ಅಪ್ಪ ಬಂದೂಕು ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾನೆ, ಬಕೆಟ್ ಮಾತ್ರ ಯಾರ ಕೈಯಲ್ಲೂ ಕಾಣಲ್ಲ.

ಕಾಯಿಲೆ ವಿಷಯದಲ್ಲಿ ಆ ಕಾರ್ಟೂನ್ ಚಿತ್ರವೇ ಎಲ್ಲದಕ್ಕಿಂತ ಸರಿ. ಜಾಸ್ತಿ ವಿಕಿರಣ ತಗುಲಿದವರಿಗೆ ಮೊದಲು ವಾಂತಿ, ಸುಸ್ತು. ಆಮೇಲೆ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ, ಹುಷಾರಾದ ಹಾಗೇ ಇರುತ್ತೆ. ಓಡಾಡ್ತಾರೆ, ಊಟ ಕೇಳ್ತಾರೆ. ಅಷ್ಟರಲ್ಲಿ ಒಳಗೆ ಮೂಳೆ ಮಜ್ಜೆ ರಕ್ತ ತಯಾರಿಸೋದು ನಿಲ್ಲಿಸಿರುತ್ತೆ. ಮುಂದೆ ಕೂದಲು ಉದುರೋದು, ಒಸಡಲ್ಲಿ ರಕ್ತ, ಮೈಮೇಲೆ ಕಲೆ, ಏನು ಸೋಂಕು ಬಂದರೂ ತಡೆಯೋ ಶಕ್ತಿ ಇಲ್ಲ. ಚಿಕಿತ್ಸೆ ಸಿಗದಿದ್ದರೆ 4 ಗ್ರೇ ಅಷ್ಟು ವಿಕಿರಣ ಮೈಗೆ ಬಿದ್ದವರಲ್ಲಿ ಅರ್ಧದಷ್ಟು ಜನ ಎರಡು ತಿಂಗಳೊಳಗೆ ಹೋಗ್ತಾರೆ ಅನ್ನೋದು ಪಠ್ಯಪುಸ್ತಕದ ಲೆಕ್ಕ.

ಚಿತ್ರದಲ್ಲಿ ಮುದುಕಿಗೆ ಒಸಡಲ್ಲಿ ರಕ್ತ ಬಂದರೆ ಮುದುಕ, ಹಲ್ಲಿನ ಸೆಟ್ಟು ಸರಿಯಾಗಿ ಕೂತಿಲ್ಲ ಅಂತಾನೆ. ಕೂದಲು ಕೈಗೆ ಬಂದರೆ ಹೆಂಗಸರಿಗೆಲ್ಲಾದರೂ ಬೋಳಾಗುತ್ತಾ ಅಂತಾನೆ. ಸುಳ್ಳು ಹೇಳ್ತಿದಾನಾ, ನಿಜವಾಗ್ಲೂ ನಂಬಿದಾನಾ ಅಂತ ಗೊತ್ತಾಗಲ್ಲ. ಇದನ್ನ ನಾನು ವಾರ್ಡಲ್ಲಿ ದಿನಾ ನೋಡ್ತೀನಿ. ಬಿಪಿ ಅಂತೆ, ಗ್ಯಾಸ್ ಅಂತೆ, ಬಿಸಿಲಿಗೆ ಆಗಿದ್ದಂತೆ. ಒಬ್ಬರು ಅಜ್ಜ ಹೆಂಡತಿಯ ರಿಪೋರ್ಟನ್ನ ಮಡಚಿ ಮಡಚಿ ಕಡ್ಡಿಪೆಟ್ಟಿಗೆ ಅಷ್ಟು ಮಾಡಿ ಜೇಬಲ್ಲಿ ಇಟ್ಕೊಂಡಿದ್ದರು, ಅವಳು ಕೇಳಿದಾಗೆಲ್ಲ ಇನ್ನೂ ಬಂದಿಲ್ಲ ಅನ್ನೋರು. ಆ ಕಾರ್ಟೂನ್ ಮುದುಕನ್ನ ನೋಡಿದಾಗ ನನಗೆ ಅವರೇ ನೆನಪಾದದ್ದು.

‘ಥ್ರೆಡ್ಸ್’ ಬಗ್ಗೆ ಒಂದು ಮಾತು. ಅದು ಹತ್ತು ಹದಿಮೂರು ವರ್ಷ ಮುಂದಕ್ಕೆ ಹೋಗುತ್ತೆ, ಬೇರೆಯವು ಹೋಗಲ್ಲ. ಯುದ್ಧದ ನಂತರ ಹುಟ್ಟಿದ ಮಗಳಿಗೆ ಸರಿಯಾಗಿ ಮಾತೇ ಬರಲ್ಲ. ಮಕ್ಕಳು ಕೂತು ಹಳೇ ಬಟ್ಟೆಯಿಂದ ದಾರ ಬಿಚ್ಚುತ್ತಿರ್ತಾರೆ. ತಾಯಿ ಸತ್ತರೆ ಆ ಹುಡುಗಿ ಅಳಲ್ಲ. ಲಾಲಿ ಹಾಡೋಕೆ, ಮಾತು ಕಲಿಸೋಕೆ ಅಂತ ಮನೆಯಲ್ಲಿ ಒಂದು ಅಜ್ಜಿ ಉಳಿದಿದ್ದರೆ ಹಾಗಾಗ್ತಿತ್ತಾ ಅಂತ ಯೋಚನೆ ಬಂತು. ಆದ್ರೆ ಅಜ್ಜಿಯರು ಮೊದಲನೇ ವಾರವೇ ಹೋಗಿಬಿಡ್ತಾರೆ, ಆ ಸಿನಿಮಾದಲ್ಲೂ ಹಾಗೇ.

ಸುಮ್ನೆ_ಒಬ್ಬ:

ಇದನ್ನೆಲ್ಲ ನೋಡಿ ಏನ್ ಉಪಯೋಗ ಗುರು? ಬಿದ್ದರೆ ಎಲ್ಲರೂ ಒಟ್ಟಿಗೆ ಹೋಗ್ತೀವಿ. ಭಾನುವಾರ ಒಳ್ಳೆ ಕಾಮಿಡಿ ನೋಡ್ಕೊಂಡು ಬಾಡೂಟ ಮಾಡ್ಕೊಂಡು ಮಲಗಿ.

ಹಳೇ_ರೀಲು:

ಒಟ್ಟಿಗೆ ಹೋಗಲ್ಲ ಸಾರ್, ಈ ಸಿನಿಮಾಗಳೆಲ್ಲ ಹೇಳೋದೇ ಅದು. ಒಬ್ಬೊಬ್ಬರಾಗಿ, ಬೇರೆ ಬೇರೆ ವಾರ.

ಉಪಯೋಗ ಕೇಳಿದಿರಿ. ಪೀಟರ್ ವಾಟ್ಕಿನ್ಸ್ 1965ರಲ್ಲಿ ‘ದಿ ವಾರ್ ಗೇಮ್’ ಮಾಡಿದ. ಕಸುಬಿನ ನಟರನ್ನ ಬಿಟ್ಟು ಮಾಮೂಲಿ ಜನರನ್ನೇ ನಿಲ್ಲಿಸಿ ಸುದ್ದಿ ಚಿತ್ರದ ಥರ ತೆಗೆದ. ಮಾಡಿಸಿದ ಬಿಬಿಸಿಯೇ ಹೆದರಿ ಅದನ್ನ 1985ರವರೆಗೂ ಟಿವಿಯಲ್ಲಿ ಹಾಕಲಿಲ್ಲ. ನಡುವೆ ಅದಕ್ಕೆ ಸಾಕ್ಷ್ಯಚಿತ್ರದ ಆಸ್ಕರ್ ಬೇರೆ ಬಂತು. ‘ಡೇ ಆಫ್ಟರ್’ 1983ರ ನವೆಂಬರ್ 20ರ ರಾತ್ರಿ ಪ್ರಸಾರ ಆದಾಗ ಸುಮಾರು 10 ಕೋಟಿ ಅಮೆರಿಕನ್ನರು ನೋಡಿದರು. ಅಧ್ಯಕ್ಷ ರೇಗನ್ ಮುಂಚೆಯೇ ತರಿಸಿಕೊಂಡು ನೋಡಿ, ಮನಸ್ಸು ತುಂಬಾ ಕುಗ್ಗಿತು ಅಂತ ಡೈರಿಯಲ್ಲಿ ಬರೆದ. ಕಾಮಿಡಿ ನೋಡಿ ಯಾವ ಅಧ್ಯಕ್ಷ ಡೈರಿ ಬರೀತಾನೆ ಹೇಳಿ?

ಬಾಡೂಟಕ್ಕೆ ಮಾತ್ರ ನಾನೂ ಬರ್ತೀನಿ.

ಶ್ರೀರಂಗಪಟ್ಟಣ_ಲೋಕಲ್:

ತಡವಾಗಿ ನೋಡಿದೆ. ಮೂಲ ಪ್ರಶ್ನೆಗೆ ನನ್ನ ಉತ್ತರ ‘ಬ್ಲ್ಯಾಕ್ ರೇನ್’. ಅದೇ ಹೆಸರಲ್ಲಿ ಹಾಲಿವುಡ್ ಪೊಲೀಸ್ ಸಿನಿಮಾ ಒಂದಿದೆ, ಅದಲ್ಲ. ಜಪಾನಿನ ನಿರ್ದೇಶಕ ಶೋಹೆ ಇಮಾಮುರನದು, 1989, ಕಪ್ಪು ಬಿಳುಪು. ನೀವು ಕೇಳಿದ ಮನೆ ಇದರಲ್ಲಿದೆ ಮೇಡಂ. ಯಸುಕೊ ಅನ್ನೋ ಹುಡುಗಿ, ಅವಳ ಸೋದರಮಾವ, ಅವನ ಹೆಂಡತಿ, ಅಜ್ಜಿ, ಸುತ್ತ ಹಳ್ಳಿ. ಬಾಂಬ್ ಬಿದ್ದು ಐದು ವರ್ಷ ಆಗಿದೆ. ಈಗ ಇರೋ ಸಮಸ್ಯೆ ಒಂದೇ, ಯಸುಕೊಗೆ ಗಂಡು ಹುಡುಕಬೇಕು.

ಹಿರೋಶಿಮಾದ ದಿನ ಅವಳು ಊರ ಮಧ್ಯೆ ಇರಲಿಲ್ಲ, ಆದ್ರೆ ದಾರಿಯಲ್ಲಿ ಕಪ್ಪು ಮಳೆ ಮೈಮೇಲೆ ಬಿದ್ದಿದೆ. ಸಂಬಂಧ ಬರುತ್ತೆ, ಗಂಡಿನ ಕಡೆಯವರು ಊರಲ್ಲಿ ವಿಚಾರಿಸ್ಕೋತಾರೆ, ಸಂಬಂಧ ಹೋಗುತ್ತೆ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಅನುಮಾನ ಇನ್ನೂ ಜಾಸ್ತಿ. ಏನೂ ಇಲ್ಲದಿದ್ರೆ ಸರ್ಟಿಫಿಕೇಟ್ ಯಾಕೆ ಮಾಡಿಸಿದ್ರು ಅಂತ! ಸೋದರಮಾವ ಕೂತು ಆ ದಿನಗಳ ಡೈರಿ ನಕಲು ಮಾಡ್ತಾನೆ, ಹುಡುಗಿ ಅಲ್ಲಿರಲಿಲ್ಲ ಅಂತ ತೋರಿಸೋಕೆ.

ನಮ್ಮ ಮನೆಯಲ್ಲೇ ಹೀಗಾಗಿದೆ. ನಮ್ಮ ಅತ್ತೆಯೊಬ್ಬರಿಗೆ ಹರೆಯದಲ್ಲಿ ಟಿಬಿ ಆಗಿ ಪೂರ್ತಿ ವಾಸಿಯಾಗಿತ್ತು. ಮಾತ್ರೆ ಚೀಟಿಗಳನ್ನೆಲ್ಲ ಅಜ್ಜಿ ಅಟ್ಟದ ಮೇಲೆ ಹಳೇ ಹಂಡೆಯೊಳಗೆ ಹಾಕಿ ಮುಚ್ಚಿಟ್ಟಿದ್ದರು. ನಿಶ್ಚಯ ಆಗೋ ಹಿಂದಿನ ದಿನ ಯಾರೋ ಗಂಡಿನ ಮನೆಗೆ ಸುದ್ದಿ ಮುಟ್ಟಿಸಿದರು. ಅವರು ಬರಲೇ ಇಲ್ಲ. ಮಾಡಿದ್ದ ಒಬ್ಬಟ್ಟು ಮೂರು ದಿನ ನಾವೇ ತಿಂದೆವು. ಅತ್ತೆ ಈಗಲೂ ಒಬ್ಬಟ್ಟು ಮುಟ್ಟಲ್ಲ.

ಅಮೆರಿಕದ ಸಿನಿಮಾಗಳಲ್ಲಿ ಅಕ್ಕಪಕ್ಕದವರು ಲೂಟಿ ಮಾಡೋಕೆ ಬರ್ತಾರೆ. ‘ಡೇ ಆಫ್ಟರ್’ನಲ್ಲಿ ಆ ರೈತನ್ನ ಅವನ ಜಮೀನಲ್ಲೇ ಬೀಡುಬಿಟ್ಟಿದ್ದವರು ಗುಂಡು ಹೊಡೆದು ಸಾಯಿಸ್ತಾರೆ. ಇಮಾಮುರನ ಹಳ್ಳಿಯಲ್ಲಿ ಅಕ್ಕಪಕ್ಕದವರು ವಿಚಾರಿಸ್ಕೊಂಡು ಹೋಗೋಕೆ ಬರ್ತಾರೆ. ನನಗೆ ಇವರ ಭಯವೇ ಜಾಸ್ತಿ.

ಕುಕ್ಕರಹಳ್ಳಿ_ವಾಕಿಂಗ್:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಪಾಳಿ ಅಕ್ಕ, ಆ ಮಡಚಿದ ರಿಪೋರ್ಟು ತಲೆಯಿಂದ ಹೋಗ್ತಿಲ್ಲ. ಆಲೆಮನೆ ಅಣ್ಣ, ನೀವು ಬರೆದದ್ದು ಓದಿ ಹೋಗಿ ಸಂಪಿನ ಮುಚ್ಚಳ ತೆಗೆದು ನೋಡಿದೆ. ಅರ್ಧ ಇತ್ತು.

‘ಟೆಸ್ಟಮೆಂಟ್’ ನಾನೊಬ್ಬಳೇ ನೋಡ್ತೀನಿ. ‘ಬ್ಲ್ಯಾಕ್ ರೇನ್’ ಕಥೆ ಅಮ್ಮನಿಗೆ ಹೇಳಿದೆ. ಡೈರಿ ನಕಲು ಮಾಡೋ ಭಾಗ ಬಂದಾಗ, “ಅಷ್ಟೊಂದು ಬರೆಯೋ ಬದಲು ಮಳೆ ಬಿದ್ದ ಪುಟ ಹರಿದು ಒಲೆಗೆ ಹಾಕಬಾರದಿತ್ತಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, ಶ್ರೀರಂಗಪಟ್ಟಣದವರ ಅತ್ತೆಗೆ ಆಮೇಲೆ ಮದುವೆ ಆಯ್ತಾ ಕೇಳು ಅಂದರು.

ಶ್ರೀರಂಗಪಟ್ಟಣ_ಲೋಕಲ್:

ಆಯ್ತು ಅಂತ ಹೇಳಿ. ನಾಲ್ಕು ವರ್ಷ ಬಿಟ್ಟು, ಪಾಂಡವಪುರದ ಕಡೆಗೆ. ಇಬ್ಬರು ಮೊಮ್ಮಕ್ಕಳಿದ್ದಾರೆ.